ಗೇಟಿನ ಹ್ವಾಯ್

ಸಿಬ್ಬಂದಿಯ ಬಾಯಿಯ ವಾಸನೆಯನ್ನು ಪರಿಶೀಲಿಸುವ ಕರ್ತವ್ಯವನ್ನು ನನಗೆ ಬಾಯಿಮಾತಿನಲ್ಲಿಯೇ ವಹಿಸಲಾಯಿತು. ಅದರ ಬಗ್ಗೆ ಯಾವುದೇ ಲಿಖಿತ ಆದೇಶ ಇರಲಿಲ್ಲ ಎಂಬುದನ್ನು ಮೊದಲಿಗೇ ತಿಳಿಸಬಯಸುತ್ತೇನೆ. ಹೆದ್ದಾರಿಯಿಂದ ಹಟ್ಟಿಯಂಗಡಿಯ ಕಡೆಗೆ ತಿರುಗುವ ರಸ್ತೆಯ ಬದಿಯಲ್ಲಿ, ಕೆಂಪುಕಲ್ಲಿನ ಗುಡ್ಡವೊಂದನ್ನು ಸಮತಟ್ಟು ಮಾಡಿ ಕಟ್ಟಿದ ಮನರಂಜನಾ ಪಾರ್ಕಿನಲ್ಲಿ ನಾನು ಆಗ ಶಿಫ್ಟ್ ಇನ್‌ಚಾರ್ಜ್ ಆಗಿದ್ದೆ. ಅದಕ್ಕೆ ಮುಂಚೆ ಗೋಡಂಬಿ ಕಾರ್ಖಾನೆಯೊಂದರ ಕಚೇರಿಯಲ್ಲಿ ಪತ್ರ ಟೈಪು ಮಾಡುತ್ತಿದ್ದೆ. ಈ ಬರಹದಲ್ಲಿ ಅಲ್ಲಲ್ಲಿ ಪತ್ರದ ಧಾಟಿ ನುಸುಳಿದರೆ ಓದುಗರು ಮನ್ನಿಸಬೇಕು. ಬೇರೆ ಧಾಟಿ ನನಗೆ ಇನ್ನೂ ಕೈಹಿಡಿದಿಲ್ಲ.

ನಮ್ಮ ಪಾರ್ಕಿನಲ್ಲಿ ನೀರಿನ ಜಾರುಬಂಡೆಗಳು, ಕೃತಕ ಅಲೆಯ ಕೊಳ, ಮಕ್ಕಳ ರೈಲು ಮತ್ತು ಒಂದು ದೊಡ್ಡ ತೂಗುದೋಣಿ ಇದ್ದವು. ಇವುಗಳನ್ನು ನಡೆಸುವವರಲ್ಲಿ ಹೆಚ್ಚಿನವರು ಕರಾವಳಿಯವರೇ. ದೋಣಿ ಬಿಟ್ಟು ಬಂದವರು, ಮುಂಬಯಿಯ ಹೋಟೆಲು ಬಿಟ್ಟು ಬಂದವರು, ಗದ್ದೆಯ ಜೊತೆಗೆ ಇದೂ ಒಂದು ಇರಲಿ ಎಂದು ಬಂದವರು. ಕೆಲಸ ಮುಗಿದ ಮೇಲೆ ಪಂಪ್‌ಹೌಸಿನ ಹಿಂಬದಿಯ ಗೇರುಮರಗಳ ಕೆಳಗೆ ಅವರು ಸೇರುತ್ತಿದ್ದರು. ಆ ಜಾಗಕ್ಕೆ ‘ದಡ’ ಎಂಬ ಹೆಸರು ಬಿದ್ದಿತ್ತು. "ದಡಕ್ಕೆ ಹೋಪನಾ?" ಎಂದು ಒಬ್ಬರು ಇನ್ನೊಬ್ಬರನ್ನು ಕೇಳಿದರೆ ಅದರ ಅರ್ಥ ಒಂದೇ, ಕುಡಿಯೋಣವೇ ಎಂದು. ದಡಕ್ಕೆ ಹೋಗದ ಗಂಡಸರನ್ನು ಉಳಿದವರು ತಮ್ಮವರೆಂದು ಎಣಿಸುತ್ತಿರಲಿಲ್ಲ. ಅಂಥವರಿಗೆ ಚಪ್ಪಲಿ ಕಾಯುವ ಕೆಲಸವೋ ಕೊಳದ ಪಾಚಿ ಉಜ್ಜುವ ಕೆಲಸವೋ ಹೇಗೋ ಬಂದು ಸೇರುತ್ತಿತ್ತು. ಪ್ರವಾಸದ ಕಾಲದಲ್ಲಿ ಜನ ವಿಪರೀತ ಬಂದ ದಿನ ಮ್ಯಾನೇಜರರೇ ದಡಕ್ಕೆ ಬಿಯರ್ ಕಳಿಸುವ ರೂಢಿಯೂ ಇತ್ತು. ಸಂಜೆ ಪ್ರೋತ್ಸಾಹವಾಗಿ ಬಂದದ್ದು ಮಾರನೆಯ ಬೆಳಿಗ್ಗೆ ಗೇಟಿನಲ್ಲಿ ಅಪರಾಧವಾಗುತ್ತಿತ್ತು. ಈ ಎರಡರ ನಡುವೆ ನನ್ನನ್ನು ನಿಲ್ಲಿಸಲಾಗಿತ್ತು.

ಪೊಲೀಸರು ರಸ್ತೆಯಲ್ಲಿ ಹಿಡಿಯುವಂಥ ಊದುವ ಯಂತ್ರವನ್ನು ಮೊದಲು ತರಿಸಿದ್ದರು. ಗಾಳಿಯ ಉಪ್ಪಿಗೋ ಊದಿದವರ ಉಗುಳಿಗೋ ಅದು ಮೊದಲ ಮಳೆಗಾಲವನ್ನೇ ದಾಟಲಿಲ್ಲ. ಮ್ಯಾನೇಜರರು ಘಟ್ಟದ ಮೇಲಿನವರು. ಮಾತು ನಯವಾಗಿದ್ದರೂ ಬುಡದಲ್ಲಿ ಒಂದು ಮುಳ್ಳು ಇರುತ್ತಿತ್ತು. ಒಂದು ದಿನ ನನ್ನನ್ನು ಕರೆದು ಹೇಳಿದರು.

"ಮೇಡಂ, ನೀವು ಮೀನಿನ ಮನೆಯವರಲ್ವಾ? ಇವತ್ತಿನ ಮೀನು ಯಾವುದು, ನಿನ್ನೇದು ಯಾವುದು ಅಂತ ಮೂಗಲ್ಲೇ ಹೇಳ್ತೀರಂತೆ. ನಾಳೆಯಿಂದ ಗೇಟಲ್ಲಿ ನೀವೇ ನಿಂತ್ಕೊಳ್ಳಿ."

ನಾನು ನಾವುಂದದವಳು. ನನ್ನ ತಾಯಿ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋದವರು. ಮ್ಯಾನೇಜರರ ಮಾತು ಮೆಚ್ಚುಗೆಯೋ ಚುಚ್ಚುಮಾತೋ ಎಂಬುದು ನನ್ನೊಳಗೆ ತೀರ್ಮಾನವಾಗುವ ಮೊದಲೇ ಬೆಳಗಾಯಿತು, ನಾನು ಗೇಟಿನಲ್ಲಿ ನಿಂತೆ.

ಪ್ರತಿಯೊಬ್ಬರೂ ನನ್ನೆದುರು ಬಂದು ಬಾಯಿ ತೆರೆದು ‘ಹಾ’ ಎನ್ನಬೇಕೆಂದು ಮ್ಯಾನೇಜರರು ಸೂಚಿಸಿದ್ದರು. ಯಾರೂ ಒಪ್ಪಲಿಲ್ಲ. "ನಾವ್ ಎಂತ ಹಲ್ಲ್ ಕೀಳ್ಸುಕೆ ಬಂದದ್ದಾ?" ಎಂದು ಅಲೆಯ ಕೊಳದವನೊಬ್ಬ ಜಗಳಕ್ಕೇ ನಿಂತ. ಅಷ್ಟರಲ್ಲಿ ಹಿಂದಿದ್ದವರು ಯಾರೋ ಅವನನ್ನು "ಹ್ವಾಯ್, ಬೇಗ ಮುಗ್ಸಿ ಮಾರಾಯ್ರೆ" ಎಂದು ಕೂಗಿದರು. ಕೂಗಿದ ಉಸಿರು ಅಷ್ಟು ದೂರದಿಂದಲೂ ನನ್ನ ಮೂಗಿಗೆ ಬಂತು. ಅಂದಿನಿಂದ ‘ಹಾ’ ಹೋಗಿ ‘ಹ್ವಾಯ್’ ಬಂತು. ಹತ್ತಿರ ಬಂದು ಒಂದು ಸಲ ಹ್ವಾಯ್ ಎಂದರೆ ಪರಿಶೀಲನೆ ಮುಗಿಯಿತು.

ಈ ಪದದ ಬಗ್ಗೆ ಹೊರಗಿನ ಓದುಗರಿಗೆ ಒಂದು ವಿವರಣೆ ಅಗತ್ಯ. ನಮ್ಮ ಕಡೆ ಹ್ವಾಯ್ ಎನ್ನುವುದು ಬರಿಯ ಕೂಗಲ್ಲ, ಅದರೊಳಗೆ ಮರ್ಯಾದೆ ಇದೆ. ಗಂಡನ ಹೆಸರು ಹೇಳಬಾರದೆಂದಿದ್ದ ಕಾಲದ ಹೆಂಗಸರು ಗಂಡನನ್ನು ಕರೆಯುತ್ತಿದ್ದುದೂ ಹ್ವಾಯ್ ಎಂದೇ. ಹೀಗಿರುವಾಗ ಸಾಲಾಗಿ ಬರುವ ಗಂಡಸರು ಹೆಂಗಸೊಬ್ಬಳ ಮುಖದೆದುರು ನಿಂತು ಹ್ವಾಯ್ ಎನ್ನಬೇಕಾದರೆ ಏನೇನು ಮಾತು ಹುಟ್ಟೀತು ಎಂಬುದನ್ನು ಓದುಗರೇ ಊಹಿಸಬಹುದು.

"ಮನೆಲ್ ಹೆಂಡ್ತಿ ನಂಗೆ ಹ್ವಾಯ್ ಅಂತ್ಲ್. ಇಲ್ಲ್ ನಾನ್ ನಿಮ್ಗೆ ಹ್ವಾಯ್ ಅನ್ಕ್. ಒಟ್ಟಾರೆ ನನ್ ಜನ್ಮ ಹ್ವಾಯಲ್ಲೇ ಹೋಯ್ತ್ ಕಾಣಿ!" ಎಂದು ಒಬ್ಬ.

"ಜೋರಾಗ್ ಅನ್ಬೇಡ ಮಾರಾಯ, ಮೇಡಮ್ಮ ಓ ಅಂದ್ರೆ ನಿನ್ ಸಂಸಾರ ಹಾಳ್" ಎಂದು ಇನ್ನೊಬ್ಬ.

ನಾನು ನಗುತ್ತಿರಲಿಲ್ಲ. ನಕ್ಕರೆ ಮಾರನೆಯ ದಿನದ ಮಾತು ಇನ್ನೊಂದು ಮೆಟ್ಟಿಲು ಕೆಳಗಿಳಿಯುತ್ತದೆ ಎಂಬ ಭಯ ನನಗಿತ್ತು.

ತೂಗುದೋಣಿಯನ್ನು ನಡೆಸುತ್ತಿದ್ದವರನ್ನು ಎಲ್ಲರೂ ತಾಂಡೇಲರು ಎನ್ನುತ್ತಿದ್ದರು. ಮೀನುಗಾರಿಕೆಯ ದೋಣಿಯಲ್ಲಿ ಚುಕ್ಕಾಣಿ ಹಿಡಿದು, ಬಲೆಯನ್ನು ಎಲ್ಲಿ ಬಿಡಬೇಕೆಂದು ತೀರ್ಮಾನಿಸುವವರಿಗೆ ತಾಂಡೇಲ ಎಂದು ಹೆಸರು. ಅವರು ಗಂಗೊಳ್ಳಿ ಬಂದರಿನಲ್ಲಿ ಬಹಳ ವರ್ಷ ಆ ಕೆಲಸ ಮಾಡಿದವರು. ದೋಣಿಯ ಧಣಿ ದೋಣಿಯನ್ನು ಮಾರಿದ ಮೇಲೆ, ಐವತ್ತು ದಾಟಿದವರನ್ನು ಬೇರೆ ಯಾರೂ ಕರೆಯದೆ, ಪಾರ್ಕಿಗೆ ಬಂದು ಸೇರಿದ್ದರು. "ನೀರಿಲ್ದ ದೋಣಿಗೊಬ್ಬ ತಾಂಡೇಲ" ಎಂದು ಉಳಿದವರು ಛೇಡಿಸಿದರೆ, "ನೀರಿಲ್ದಿದ್ರೆ ಎಂತ ಆಯ್ತ್, ವಾಂತಿ ಮಾಡುವರ್ ಇದ್ರಲ್ದಾ" ಎನ್ನುತ್ತಿದ್ದರು. ನನ್ನನ್ನು ಎಲ್ಲರೆದುರು ಮೇಡಂ ಎಂದೂ ಯಾರೂ ಇಲ್ಲದಾಗ ತಂಗಿ ಎಂದೂ ಕರೆಯುತ್ತಿದ್ದರು.

ತೂಗುದೋಣಿಯ ಕೆಲಸ ಹೊರಗಿನಿಂದ ಕಾಣುವಷ್ಟು ಹಗುರವಲ್ಲ. ಕೆಳಗೆ ಒಂದು ಟೈರು ತಿರುಗುತ್ತಾ ದೋಣಿಯ ಹೊಟ್ಟೆಗೆ ತಾಗಿ ಅದನ್ನು ತಳ್ಳುತ್ತದೆ. ನಿಲ್ಲಿಸುವಾಗ ಕೈಬ್ರೇಕಿನ ಹಿಡಿಯನ್ನು ಸ್ವಲ್ಪ ಸ್ವಲ್ಪವಾಗಿ ಎಳೆದು ತೂಗಾಟವನ್ನು ಇಳಿಸಬೇಕು. ಅವಸರದಲ್ಲಿ ಎಳೆದರೆ ಕುಳಿತವರ ಎದೆ, ಹಣೆ ಮುಂದಿನ ಸರಳಿಗೆ ಹೊಡೆಯುತ್ತದೆ. ತಡವಾಗಿ ಎಳೆದರೆ ದೋಣಿ ನಿಂತಿತೆಂದುಕೊಂಡ ಮಕ್ಕಳು ಎದ್ದು ನಿಲ್ಲುತ್ತಾರೆ. ತಾಂಡೇಲರು ನಿಲ್ಲಿಸಿದರೆ ಮಡಿಲಿನ ನೀರಿನ ಬಾಟಲಿಯೂ ಉರುಳುತ್ತಿರಲಿಲ್ಲ.

ಗೇಟಿನ ಪರಿಶೀಲನೆಯಲ್ಲಿ ಅವರಿಗೆ ಅದಾಗಲೇ ಎರಡು ನೋಟಿಸು ಹೋಗಿದ್ದವು. ಎರಡೂ ಸಲ ವಾಸನೆ ಹಿಡಿದವಳು ನಾನೇ. ಮೂರನೆಯದು ಹೋದರೆ ಕೆಲಸದಿಂದ ತೆಗೆಯುವುದು ಪಾರ್ಕಿನ ನಿಯಮ. ಎರಡನೆಯ ನೋಟಿಸಿನ ನಂತರ ಅವರ ಬಾಯಿ ಶುದ್ಧವಾಗಿಯೇ ಇರುತ್ತಿತ್ತು. ನನ್ನ ಕರ್ತವ್ಯದಿಂದ ಒಬ್ಬ ಮನುಷ್ಯ ಸರಿಹೋದರು ಎಂದು ನಾನು ಭಾವಿಸಿದ್ದೆ.

ಶಾಲಾ ಪ್ರವಾಸದ ತಿಂಗಳು. ಒಂದು ದಿನ ಪಾರ್ಕು ತೆರೆದಂದಿನಿಂದ ಕಾಣದಷ್ಟು ಜನ ಬಂದರು. ಸಂಜೆ ಮ್ಯಾನೇಜರರು ದಡಕ್ಕೆ ಬಿಯರ್ ಕಳಿಸಿದರು, ಜೊತೆಗೆ ನನ್ನನ್ನು ಕರೆದು ಇನ್ನೊಂದು ವಿಷಯವನ್ನೂ ತಿಳಿಸಿದರು. ಮಾರನೆಯ ದಿನ ವಿಮೆ ಕಂಪನಿಯವರು ರೈಡುಗಳನ್ನು ನೋಡಲು ಬರುವವರಿದ್ದರು.

"ಬೆಳಿಗ್ಗೆ ಒಬ್ಬರನ್ನಾದ್ರೂ ಗೇಟಿಂದ ವಾಪಸ್ ಕಳಿಸಿ ಮೇಡಂ. ನಮ್ಮಲ್ಲಿ ಶಿಸ್ತು ಇದೆ ಅಂತ ಅವರಿಗೆ ಕಾಣಬೇಕು."

"ಯಾರನ್ನು ಸರ್?"

"ವಾಸನೆ ಬಂದವರನ್ನ. ಅದನ್ನೂ ನಾನೇ ಹೇಳ್ಬೇಕಾ? ಆ ದೋಣಿಯವನಿಗೆ ಎರಡಾಗಿದೆಯಲ್ಲ."

ಅವರ ಕೊಠಡಿಯಿಂದ ನೇರವಾಗಿ ತೂಗುದೋಣಿಯ ಹತ್ತಿರ ಹೋದೆ. ತಾಂಡೇಲರು ಸೀಟುಗಳಿಗೆ ಟಾರ್ಪಾಲು ಹೊದಿಸುತ್ತಿದ್ದರು.

"ತಾಂಡೇಲ್ರೆ, ನಾಳೆ ವಿಮೆಯವ್ರ್ ಬತ್ರ್. ನಾಳೆ ಒಂಚೂರ್ ವಾಸನೆ ಬಂದ್ರೂ ನನ್ ಕೈಯಲ್ ಎಂತ ಮಾಡುಕೂ ಆತಿಲ್ಲೆ. ಇವತ್ತ್ ದಡಕ್ಕೆ ಹೋಪುದ್ ಬೇಡ."

ಅವರು ಹಗ್ಗದ ಗಂಟು ಬಿಗಿದು ನನ್ನ ಕಡೆ ತಿರುಗಿದರು. "ನಂಗೆ ಇದಲ್ದಿದ್ರೆ ಬೇರೆ ದೋಣಿ ಇಲ್ಲೆ ತಂಗಿ. ನಂಗೊತ್ತಿತ್ತ್. ನಾಳೆ ನನ್ ಬಾಯಿ ದೇವಸ್ಥಾನದ ಗರ್ಭಗುಡಿ ಹಾಂಗೆ ಇರತ್ತ್, ಕಾಣ್."

ಅಂದು ಸಂಜೆ ಅವರು ದಡದ ಕಡೆ ತಲೆ ಹಾಕದೆ ನೇರವಾಗಿ ಬಸ್ಸಿಗೆ ಹೋದರು. "ತಾಂಡೇಲ್ರ್ ಮಡಿ ಉಟ್ರ್, ಯಾರೂ ಮುಟ್ಬೇಡಿ" ಎಂದು ಹಿಂದಿನಿಂದ ಯಾರೋ ಕೂಗಿದರು. ಅವರು ತಿರುಗಿ ನೋಡಲಿಲ್ಲ.

ಬೆಳಿಗ್ಗೆ ಸಾಲಿನಲ್ಲಿ ಮೊದಲು ನಿಂತವರು ಅವರೇ. ಗರಿಗರಿಯಾದ ಅಂಗಿ, ಹಣೆಯಲ್ಲಿ ಗಂಧ. ನನ್ನೆದುರು ಬಂದು, ಟಿಕೇಟಿಗೆ ಕಾಯುತ್ತಿದ್ದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ "ಹ್ವಾಯ್!" ಎಂದರು. ಬಾಯಿಯಲ್ಲಿ ಕಾಫಿಯ ವಾಸನೆ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಒಳಗೆ ಹೋಗುವಂತೆ ತಲೆ ಆಡಿಸಿದೆ.

ಅವರ ಹಿಂದೆ ಬಂದ ಗಂಡಸರೆಲ್ಲರ ಬಾಯಿಯಲ್ಲೂ ಹಿಂದಿನ ಸಂಜೆಯ ಬಿಯರ್ ಇತ್ತು. ಕೆಲವರು ಲವಂಗ ಜಗಿದಿದ್ದರು, ಕೆಲವರು ಎಲೆಯಡಿಕೆ, ಒಬ್ಬ ಟೂತ್‌ಪೇಸ್ಟನ್ನೇ ನುಂಗಿದ ಹಾಗಿತ್ತು. ಎಲ್ಲರನ್ನೂ ವಾಪಸು ಕಳಿಸಿದರೆ ಪಾರ್ಕಿನ ಬಾಗಿಲು ತೆರೆಯುವಂತಿರಲಿಲ್ಲ. ಒಬ್ಬರನ್ನು ಆರಿಸೋಣವೆಂದರೆ, ಆ ಬಿಯರನ್ನು ಕಳಿಸಿದವರು ಮೇಲಿನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ನಾನು ಯಾರನ್ನೂ ಕಳಿಸಲಿಲ್ಲ. ಕಿಟಕಿಯ ಪರದೆ ಜೋರಾಗಿ ಎಳೆದದ್ದು ನನಗೆ ಕಾಣಿಸಿತು.

ಮೊದಲ ಬಸ್ಸು ಬ್ರಹ್ಮಾವರದ ಕಡೆಯ ಶಾಲೆಯೊಂದರದು. ಮಕ್ಕಳು ಇಳಿದವರೇ ತೂಗುದೋಣಿಗೆ ಓಡಿದರು. ನಾನು ಕೊಳದ ಹತ್ತಿರ ಇದ್ದಾಗ ವಂಡ್ಸೆಯಕ್ಕ ಬಂದರು. ದೋಣಿಯಲ್ಲಿ ಕುಳಿತವರ ಮುಂದಿನ ಸರಳು ಸರಿಯಾಗಿ ಬಿದ್ದಿದೆಯೇ ಎಂದು ನೋಡುವ ಕೆಲಸ ಅವರದು. ವಂಡ್ಸೆಯಿಂದ ದಿನವೂ ಬಸ್ಸಿನಲ್ಲಿ ಬರುವುದರಿಂದ ಆ ಹೆಸರು. ಎಂದೂ ತಮ್ಮ ಜಾಗ ಬಿಟ್ಟು ಬಾರದವರು ಅಂದು ಓಡಿಕೊಂಡು ಬಂದಿದ್ದರು.

"ಮೇಡಂ, ಒಂದ್ಸಲ ದೋಣಿ ಬದಿಗ್ ಬನ್ನಿ."

"ಎಂತ ಆಯ್ತ್?"

"ಹೇಳುದಲ್ಲ, ಬಂದ್ ಕಾಣಿ."

ನಾವು ತಲುಪುವಾಗ ಮೊದಲ ಸುತ್ತು ಮುಗಿಯುವುದರಲ್ಲಿತ್ತು. ದೋಣಿ ಇಳಿಯುತ್ತಾ ಬಂದದ್ದು ನಡುವೆ ಒಮ್ಮೆಲೇ ಗಕ್ಕನೆ ಹಿಡಿದು, ಮತ್ತೆ ಜಾರಿ, ಮತ್ತೆ ಹಿಡಿಯಿತು. ಕೊನೆಯ ಸಾಲಿನ ಹುಡುಗಿಯೊಬ್ಬಳ ಹಣೆ ಸರಳಿಗೆ ತಾಗಿತು. ಅವಳು ಹಣೆ ಉಜ್ಜಿಕೊಂಡು ನಕ್ಕಳು, ಉಳಿದ ಮಕ್ಕಳು ಇನ್ನೊಮ್ಮೆ ಇನ್ನೊಮ್ಮೆ ಎಂದು ಕೂಗಿದರು. ಇದೂ ಆಟದ ಒಂದು ಭಾಗವೆಂದೇ ಅವರು ತಿಳಿದಿದ್ದರು.

ತಾಂಡೇಲರು ಬ್ರೇಕಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆ ಎರಡು ಕೈಗಳೂ ಮೊಣಕೈಯವರೆಗೆ ನಡುಗುತ್ತಿದ್ದವು. ಡಿಸೆಂಬರಿನ ಬೆಳಗಿನಲ್ಲಿ ಅವರ ಗರಿಗರಿಯಾದ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಎರಡನೆಯ ತಂಡದ ಮಕ್ಕಳು ಆಗಲೇ ಏರಿ ಕುಳಿತಿದ್ದರು. ಕೆಳಗಿನ ದಾರಿಯಲ್ಲಿ ಮ್ಯಾನೇಜರರು ವಿಮೆಯ ಇಬ್ಬರನ್ನು ಕರೆದುಕೊಂಡು ನಮ್ಮ ಕಡೆಗೇ ಬರುತ್ತಿರುವುದು ಕಾಣಿಸಿತು.

"ತಾಂಡೇಲ್ರೆ, ಕೈ ತೆಗೀನಿ."

"ಬಾಯಿ ಕಂಡ್ರಲ್ದಾ ಮೇಡಂ? ಇನ್ನೆಂತ ಕಾಂಬುಕಿತ್ತ್?"

"ಕೈ ನಡುಗ್ತಿತ್ತ್."

"ಅದ್ ಚಳಿಗೆ."

"ಚಳಿಗೆ ಯಾರಾದ್ರೂ ಬೆವರ್ತ್ರಾ?"

ವಂಡ್ಸೆಯಕ್ಕ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಮಕ್ಕಳಿಗೆ ಕೇಳಿಸದಂತೆ ನನ್ನ ಕಿವಿಯಲ್ಲಿ ಹೇಳಿದರು.

"ಮೇಡಂ, ನಾನ್ ಹೇಳ್ದೆ ಅಂತ ಹೇಳ್ಬೇಡಿ. ಒಂದ್ ಎರಡ್ ಗುಟುಕ್ ಹೊಟ್ಟಿಗೆ ಹೋದ್ರೆ ಆ ಕೈ ನಿಲ್ತ್. ದಿನಾ ಹಾಂಗೇ ಅಲ್ದಾ?"

"ದಿನಾ ಅಂದ್ರೆ?"

"ನಿಮ್ ಗೇಟ್ ದಾಟಿ ಒಳ್ಗೆ ಬಂದ್ ಕೂಡ್ಲೆ ಪಂಪ್‌ಹೌಸಿಗೆ. ಬಾಟ್ಲಿ ಅಲ್ಲೇ ಇರತ್ತ್. ಇವತ್ತ್ ವಿಮೆಯವ್ರ್ ಬತ್ರ್ ಅಂತ ಎಲ್ಲ ತೆಗ್ದ್ ಬಿಸಾಡ್ರ್. ಇಡೀ ಪಾರ್ಕಿಗೆ ಗೊತ್ತಿತ್ತ್, ನಿಮ್ಗೊಬ್ರಿಗೆ ಗೊತ್ತಿಲ್ಯಾ?"

ನನ್ನ ಪರಿಶೀಲನೆಯಿಂದ ಆದ ಬದಲಾವಣೆ ಇಷ್ಟೇ: ಗೇಟಿನ ಆಚೆ ಕುಡಿಯುತ್ತಿದ್ದವರು ಗೇಟಿನ ಈಚೆ ಕುಡಿಯತೊಡಗಿದ್ದರು. ಇಷ್ಟು ದಿನ ನೀರಿನ ಬಾಟಲಿಯೂ ಉರುಳದಂತೆ ದೋಣಿ ನಿಲ್ಲಿಸಿದ ಕೈ, ಕುಡಿದ ಕೈ. ಕುಡಿಯದೆ ಬಂದ ಇಂದು ಆ ಕೈ ನಿಲ್ಲುತ್ತಿಲ್ಲ.

"ಒಬ್ರ ಹತ್ರ ಕ್ವಾರ್ಟರ್ ಇತ್ತಂಬ್ರ್" ಎಂದು ವಂಡ್ಸೆಯಕ್ಕ ಮುಂದುವರಿಸಿದರು. "ಹೇಳಿ, ನಾನ್ ತತ್ತೆ. ಇಲ್ದಿದ್ರೆ ಅವ್ರ್ ಕೆಲ್ಸ ಹೋತ್ತ್. ಬೇಗ ಹೇಳಿ, ಅವ್ರ್ ಹತ್ರ ಬಂದ್ರ್."

ನಾನು ಒಂದು ಕ್ಷಣ ಹೌದೆನ್ನುವ ಹಂತಕ್ಕೆ ಬಂದಿದ್ದೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಅದು ಎಲ್ಲರಿಗೂ ಅನುಕೂಲದ ದಾರಿಯಾಗಿತ್ತು. ದೋಣಿ ಮೆತ್ತಗೆ ನಿಲ್ಲುತ್ತಿತ್ತು, ವಿಮೆಯವರು ಮೆಚ್ಚುತ್ತಿದ್ದರು, ತಾಂಡೇಲರ ಕೆಲಸ ಉಳಿಯುತ್ತಿತ್ತು. ಆದರೆ ಮೇಲೆ ಕುಳಿತ ಮಕ್ಕಳಲ್ಲಿ ಒಬ್ಬಳು ನನಗೆ ಕೈ ಬೀಸುತ್ತಿದ್ದಳು. ನಾನು ಹೋಗಿ ದೋಣಿಯ ಕೀಲಿಯನ್ನು ಬಲಕ್ಕೆ ತಿರುಗಿಸಿ, ಹೊರಗೆ ಎಳೆದು, ಮುಷ್ಟಿಯಲ್ಲಿ ಹಿಡಿದುಕೊಂಡೆ. ತಾಂತ್ರಿಕ ಕಾರಣದಿಂದ ದೋಣಿ ಸದ್ಯಕ್ಕೆ ನಡೆಯುವುದಿಲ್ಲ, ಎಲ್ಲರೂ ನಿಧಾನವಾಗಿ ಇಳಿಯಬೇಕು ಎಂದು ಮಕ್ಕಳ ಮೇಷ್ಟ್ರಿಗೆ ತಿಳಿಸಿದೆ. ಮಕ್ಕಳು ಒಟ್ಟಾಗಿ "ಓ..." ಎಂದು ರಾಗ ಎಳೆದರು.

ತಾಂಡೇಲರು ನನ್ನ ಹತ್ತಿರ ಬಂದರು. ಧ್ವನಿ ತೀರಾ ಕೆಳಗಿತ್ತು.

"ತಂಗಿ, ಇವತ್ತ್ ನಾನ್ ಕುಡ್ದಿಲ್ಲೆ."

"ಗೊತ್ತಿತ್ತ್."

"ಕುಡ್ದ ದಿನ ಎಲ್ಲ ದೋಣಿ ಬಿಡುಕೆ ಕೊಟ್ಟೆ. ಕುಡೀದೆ ನಿಂತದ್ದ್ ಇವತ್ತೊಂದ್ ದಿನ. ಇವತ್ತೇ ತೆಗೀತ್ಯಾ?"

ಅಷ್ಟರಲ್ಲಿ ಮ್ಯಾನೇಜರರು ಮೆಟ್ಟಿಲ ಬುಡಕ್ಕೆ ಬಂದಿದ್ದರು.

"ಏನ್ ಮೇಡಂ, ಯಾಕೆ ನಿಂತಿದೆ?"

"ತಾಂತ್ರಿಕ ಕಾರಣ ಸರ್."

"ಬೆಳಿಗ್ಗೆ ಸರಿ ಇತ್ತಲ್ಲ?"

ವಿಮೆಯವರಲ್ಲಿ ಹಿರಿಯರೊಬ್ಬರು ದೋಣಿಯ ಕಡೆ ನೋಡಲೇ ಇಲ್ಲ, ತಾಂಡೇಲರ ಮುಖವನ್ನೇ ನೋಡುತ್ತಿದ್ದರು. ತಾಂಡೇಲರು ಅವರಿಗೆ ನಮಸ್ಕರಿಸಲೆಂದು ಕೈ ಜೋಡಿಸಿದರು. ಜೋಡಿಸಿದ ಕೈ ಒಂದಕ್ಕೊಂದು ಬಡಿಯಿತು. ಕಣ್ಣು ಮೇಲಾಯಿತು. ಒಂದು ಮೆಟ್ಟಿಲು ಇಳಿಯಲು ಹೋದವರು ಕಡಿದ ಮರದ ಹಾಗೆ ಪಕ್ಕಕ್ಕೆ ಬಿದ್ದರು. ಮೈಯೆಲ್ಲ ಸೆಟೆದು ಅದುರತೊಡಗಿತು, ಬಾಯಿಯ ಮೂಲೆಯಲ್ಲಿ ನೊರೆ ಬಂತು.

"ಕಬ್ಬಿಣ ಕೊಡಿ, ಕಬ್ಬಿಣ!" ಎಂದು ಯಾರೋ ಕೂಗಿದರು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು ನಮ್ಮಲ್ಲಿ ಹಳೆಯ ನಂಬಿಕೆ. ವಂಡ್ಸೆಯಕ್ಕ ನನ್ನ ಮುಷ್ಟಿಯನ್ನು ಬಿಡಿಸಿ ದೋಣಿಯ ಕೀಲಿಯನ್ನು ಕಿತ್ತುಕೊಂಡು ತಾಂಡೇಲರ ಅಂಗೈಯಲ್ಲಿಟ್ಟು ಬೆರಳು ಮಡಚಿ ಒತ್ತಿ ಹಿಡಿದರು. ನಾನು ಅವರನ್ನು ಮಗ್ಗುಲಿಗೆ ತಿರುಗಿಸಿ ತಲೆಯ ಕೆಳಗೆ ನನ್ನ ಶಾಲು ಇಟ್ಟೆ. ಮೇಷ್ಟ್ರು ಮಕ್ಕಳ ಮುಖವನ್ನು ಆಚೆ ತಿರುಗಿಸುತ್ತಿದ್ದರು.

ಪಾರ್ಕಿನ ಜೀಪಿನಲ್ಲಿ ಕುಂದಾಪುರದ ಆಸ್ಪತ್ರೆಗೆ ಹೋದೆವು. ಸಂಗಮದ ಸೇತುವೆ ದಾಟುವಷ್ಟರಲ್ಲಿ ಅವರಿಗೆ ಪ್ರಜ್ಞೆ ಬಂದಿತ್ತು, ಯಾರ ಗುರುತೂ ಹತ್ತಿರಲಿಲ್ಲ. ಕೀಲಿ ಇನ್ನೂ ಕೈಯಲ್ಲೇ ಇತ್ತು. ನಾನು ಕೇಳಲಿಲ್ಲ.

ಕರ್ತವ್ಯದಲ್ಲಿದ್ದ ವೈದ್ಯೆ ಚಿಕ್ಕ ಪ್ರಾಯದವರು. ಮೊದಲು ಕೇಳಿದ್ದು "ಎಷ್ಟು ಕುಡಿದಿದ್ದಾರೆ?" ಎಂದು.

"ಕುಡಿದಿಲ್ಲ ಡಾಕ್ಟ್ರೆ. ನಿನ್ನೆ ಸಂಜೆಯಿಂದ ಮುಟ್ಟಿಲ್ಲ."

ಅವರು ಬರೆಯುವುದನ್ನು ನಿಲ್ಲಿಸಿದರು. "ಹಾಗಾದ್ರೆ ಅದಕ್ಕೇ ಆದದ್ದು. ವರ್ಷಗಟ್ಟಲೆ ದಿನವೂ ಕುಡಿದ ಶರೀರ ಒಮ್ಮೆಲೇ ಬಿಟ್ಟರೆ ತಡ್ಕೊಳ್ಳುವುದಿಲ್ಲ. ಮದ್ದು ತಗೊಂಡು, ನಮ್ಮ ಕಣ್ಣೆದುರು ಬಿಡಬೇಕು. ಯಾರು ಇವರಿಗೆ ಬಿಡ್ಲಿಕ್ಕೆ ಹೇಳಿದ್ದು?"

ನಾನೇ ಎಂದು ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ಸಂಜೆ ಮ್ಯಾನೇಜರರ ಕೊಠಡಿಗೆ ನನ್ನನ್ನು ಕರೆಸಲಾಯಿತು. ಅವರ ಮುಂದೆ ತಾಂಡೇಲರ ಎರಡು ನೋಟಿಸುಗಳ ಪ್ರತಿ ಇತ್ತು. ಮೂರನೆಯದನ್ನು ನಾನೇ ಟೈಪು ಮಾಡಬೇಕಾಗಿತ್ತು. ಇಂಥ ಪತ್ರಗಳನ್ನು ಪಾರ್ಕಿನಲ್ಲಿ ಟೈಪು ಮಾಡುತ್ತಿದ್ದವಳು ನಾನೇ.

"ನೋಡಿ ಮೇಡಂ, ವಿಮೆಯವರು ಕೇಳ್ತಿದ್ದಾರೆ. ನನಗೆ ಒಂದೇ ಉತ್ತರ ಬೇಕು. ಅವನು ಕುಡಿದಿದ್ನಾ, ಇಲ್ವಾ?"

"ಇಲ್ಲ ಸರ್."

"ಸರಿಯಾಗಿ ನೋಡಿದ್ರಾ?"

"ಇವತ್ತು ಗೇಟಿನಲ್ಲಿ ವಾಸನೆ ಇಲ್ಲದ ಗಂಡಸಿನ ಬಾಯಿ ಒಂದೇ ಇತ್ತು ಸರ್. ಅದು ಅವರದು."

ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಬೆಳಿಗ್ಗೆ ಕಿಟಕಿಯಿಂದ ನೋಡಿದ್ದು ಅವರಿಗೂ ನೆನಪಿತ್ತು.

"ಕುಡಿದಿರಲಿಲ್ಲ ಅಂದ್ರೆ ರೈಡ್ ಯಾಕ್ರೀ ನಿಲ್ಲಿಸಿದ್ರಿ?"

"ಕುಡಿಯದೆ ಇದ್ದದ್ದಕ್ಕೆ ಸರ್."

"ಏನು?"

ನಾನು ವೈದ್ಯೆ ಹೇಳಿದ್ದನ್ನು ಹೇಳಿದೆ. ವಂಡ್ಸೆಯಕ್ಕನ ಹೆಸರು ತೆಗೆಯದೆ ಪಂಪ್‌ಹೌಸಿನ ವಿಷಯವನ್ನೂ ಹೇಳಿದೆ. ಗೇಟಿನಲ್ಲಿ ನಾನು ಮಾಡುತ್ತಿರುವುದರಿಂದ ರೈಡಿನಲ್ಲಿ ಕುಳಿತ ಮಕ್ಕಳಿಗೆ ಏನೂ ಪ್ರಯೋಜನವಿಲ್ಲವೆಂದು ನನ್ನ ಅಭಿಪ್ರಾಯ ಎಂದೆ. ಸಂಜೆ ಬಿಯರ್ ಕಳಿಸುವ ರೂಢಿ ಇರುವವರೆಗೆ ನಾಳೆಯಿಂದ ನಾನು ಅಲ್ಲಿ ನಿಲ್ಲುವುದಿಲ್ಲ ಎಂದೂ ಹೇಳಿಬಿಟ್ಟೆ. ಇದನ್ನು ಹೇಳಬೇಕೆಂದು ಯೋಚಿಸಿ ಒಳಗೆ ಹೋದವಳಲ್ಲ. ಬಾಯಿಂದ ಬಂದುಬಿಟ್ಟಿತು. ಕೆಲಸ ಹೋಗುವುದು ಇನ್ನು ಇಬ್ಬರದು ಎಂದು ಆ ಕ್ಷಣ ತೋರಿತು.

ಮ್ಯಾನೇಜರರು ಪೆನ್ನಿನ ಕ್ಯಾಪನ್ನು ತೆಗೆದು ಹಾಕಿದರು.

"ಮೂರನೇ ನೋಟಿಸಿಗೆ ಕಾರಣ ಏನಂತ ಬರೀತೀರಿ?"

"ಕುಡಿಯದೆ ಕರ್ತವ್ಯಕ್ಕೆ ಹಾಜರಾಗಿದ್ದಾರೆ ಅಂತ ಬರೀಬೇಕಾಗ್ತದೆ ಸರ್."

ಅವರು ನಗುತ್ತಾರೆಂದು ನನಗೆ ಅನ್ನಿಸಿತು. ನಗಲಿಲ್ಲ. "ಹೋಗಿ ಮೇಡಂ" ಎಂದರು. ನೋಟಿಸು ಹೋಗಲಿಲ್ಲ, ಕೆಲಸಕ್ಕೆ ಬನ್ನಿ ಎಂಬ ಮಾತೂ ಹೋಗಲಿಲ್ಲ. ದಡಕ್ಕೆ ಬಿಯರ್ ಹೋಗುವುದು ಸ್ವಲ್ಪ ಕಾಲ ನಿಂತಿತು. ಅದಕ್ಕೆ ಕಾರಣ ನಾನೆಂದು ತಿಳಿದ ಗಂಡಸರು ನನ್ನೊಡನೆ ಮಾತು ಬಿಟ್ಟರು. ಊಟದ ಹೊತ್ತಿನಲ್ಲಿ ನಾನು ಕುಳಿತ ಬೆಂಚು ಖಾಲಿಯಾಗುತ್ತಿತ್ತು. ವಂಡ್ಸೆಯಕ್ಕ ಮಾತ್ರ ತಮ್ಮ ಬುತ್ತಿ ತೆರೆದು ಎದುರಿಗೆ ಕೂರುತ್ತಿದ್ದರು.

ತಾಂಡೇಲರು ಆಸ್ಪತ್ರೆಯಿಂದ ಮನೆಗೆ, ಮನೆಯಿಂದ ಬ್ರಹ್ಮಾವರದ ಕಡೆ ನಡೆದ ಮದ್ಯವರ್ಜನ ಶಿಬಿರವೊಂದಕ್ಕೆ ಹೋದರೆಂದು ತಿಳಿಯಿತು. ಅಷ್ಟು ದಿನ ತೂಗುದೋಣಿಗೆ ತಾಂತ್ರಿಕ ಕಾರಣದ ಹಲಗೆ ನೇತುಹಾಕಿಯೇ ಇತ್ತು. ಕಚೇರಿಯಲ್ಲಿದ್ದ ಇನ್ನೊಂದು ಕೀಲಿಯಿಂದ ಬೇರೆ ಇಬ್ಬರಿಗೆ ಕಲಿಸಲು ನೋಡಿದೆವು. ಇಬ್ಬರೂ ಹೆದರಿದರು.

ಪಾರ್ಕಿಗೆ ವಾರದ ರಜೆ ಇದ್ದ ದಿನ, ನಾವು ಕೆಲವರು ದುರಸ್ತಿಯ ಕೆಲಸದಲ್ಲಿದ್ದಾಗ, ಅವರು ಬಂದರು. ತೂಕ ಇಳಿದಿತ್ತು. ನೇರವಾಗಿ ಮ್ಯಾನೇಜರರಲ್ಲಿಗೆ ಹೋಗಿ ಹೊರಗೆ ಬಂದರು. ಹಿಂದೆಯೇ ಮ್ಯಾನೇಜರರೂ ಬಂದು, ಬಾಗಿಲಲ್ಲಿ ನಿಂತು ನನಗೆ ಹೇಳಿದರು.

"ದೋಣಿ ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದೀನಿ. ನೀವು ಸರಿ ಅಂದ್ರೆ ನನಗೂ ಸರಿ. ಏನಾದ್ರೂ ಆದ್ರೆ ಮಾತ್ರ ನಿಮ್ಮ ಮೇಲೆ ಬರುತ್ತೆ, ಈಗಲೇ ಹೇಳಿರ್ತೀನಿ."

ಅವರು ಒಳಗೆ ಹೋದ ಮೇಲೆ ತಾಂಡೇಲರು ತೂಗುದೋಣಿಯ ಕಡೆ ನೋಡುತ್ತಾ ನಿಂತರು.

"ಚಪ್ಪಲಿ ಕಾಯ್ ಅಂದ್ರೂ ಕಾಯ್ತೆ ತಂಗಿ. ಆದ್ರೆ ಒಂದ್ಸಲ ಅದನ್ನ ಬಿಡುಕೆ ಕೊಡ್. ಖಾಲಿ ದೋಣಿ ಸಾಕ್."

"ಖಾಲಿ ದೋಣಿ ನಿಂತದ್ದ್ ಕಂಡ್ರೆ ನಂಗೆ ಎಂತ ಗೊತ್ತಾತ್ತ್?"

ಪರೀಕ್ಷೆಗೆ ಮರಳಿನ ಚೀಲ ಇಟ್ಟು ನಡೆಸುವ ಪದ್ಧತಿ ನಮ್ಮಲ್ಲಿತ್ತು. ಅಂದು ನನಗೆ ಮರಳಿನ ಚೀಲವನ್ನು ನಂಬಲಾಗಲಿಲ್ಲ. ಬಾಯಿ ನೋಡಿ ಮೋಸಹೋದವಳು ಬರಿಯ ಕೈ ನೋಡಿ ಏನು ತೀರ್ಮಾನಿಸಲಿ? ನಾನೇ ಹತ್ತಿ ಕೊನೆಯ ಸಾಲಿನಲ್ಲಿ ಕುಳಿತೆ. ಅಲ್ಲಿ ತೂಗಾಟ ಎಲ್ಲಕ್ಕಿಂತ ಹೆಚ್ಚು. ಅಷ್ಟು ವರ್ಷ ಪಾರ್ಕಿನಲ್ಲಿದ್ದರೂ ಒಂದು ಸಲವೂ ಆ ದೋಣಿ ಹತ್ತಿದವಳಲ್ಲ. ವಂಡ್ಸೆಯಕ್ಕ ಸರಳು ಇಳಿಸಿ ಎರಡು ಸಲ ಎಳೆದು ನೋಡಿದರು.

"ಮೇಡಂ, ನಿಮ್ಗೆ ಹುಚ್ಚಾ? ಇಳೀನಿ. ಬೇಕಾರೆ ನಾನ್ ಕೂಕಂತೆ."

"ಬೇಡ. ನೀವ್ ಕೆಳ್ಗ್ ನಿಂತ್ ಅವ್ರ್ ಕೈ ಕಾಣಿ."

ತಾಂಡೇಲರು ಮೊದಲು ಬ್ರೇಕಿನ ಹಿಡಿಗೆ ಕೈ ಹಾಕಿ, ತೆಗೆದು, ಅಂಗೈಯನ್ನು ಲುಂಗಿಗೆ ಒರೆಸಿ, ಮತ್ತೆ ಹಾಕಿದರು. ಆಸ್ಪತ್ರೆಗೆ ಹೋಗುವಾಗ ಕೈಯಲ್ಲೇ ಉಳಿದಿದ್ದ ಕೀಲಿಯನ್ನು ಜೇಬಿನಿಂದ ತೆಗೆದು ತಿರುಗಿಸಿದರು. ಟೈರು ಅಡಿಯಿಂದ ತಳ್ಳಿದ್ದು ಬೆನ್ನಿನ ಎಲುಬಿಗೆ ತಿಳಿಯಿತು. ಮೊದಲು ತೊಟ್ಟಿಲಿನ ಹಾಗಿತ್ತು. ನಂತರ ನನ್ನ ಹೊಟ್ಟೆ ಒಂದು ಕಡೆ, ನಾನು ಒಂದು ಕಡೆ ಆದೆವು. ಮೇಲೇರಿದಾಗ ಗುಡ್ಡದ ಆಚೆಯ ಗದ್ದೆ, ತೆಂಗು, ಅದರಾಚೆ ಒಂದು ಬೆಳ್ಳಗಿನ ಗೆರೆಯಾಗಿ ಸಮುದ್ರ ಕಾಣುತ್ತದೆಂದು ಬಂದವರೆಲ್ಲ ಹೇಳುತ್ತಿದ್ದರು. ನಾನು ಅದಾವುದನ್ನೂ ನೋಡಲಿಲ್ಲ. ಕಣ್ಣು ಬಿಟ್ಟಾಗಲೆಲ್ಲ ಕೆಳಗಿನ ಆ ಎರಡು ಕೈಗಳನ್ನೇ ಹುಡುಕುತ್ತಿದ್ದೆ. ಅಷ್ಟು ಎತ್ತರದಿಂದ ಅವು ನಡುಗುತ್ತಿವೆಯೋ ಇಲ್ಲವೋ ತಿಳಿಯುವಂತಿರಲಿಲ್ಲ.

"ನಿಲ್ಸ್ತೆ!" ಎಂದು ಅವರು ಕೂಗಿದರು.

ಮೊದಲ ಹಿಡಿತ ಬಂತು, ಬಿಟ್ಟಿತು. ಎರಡನೆಯದು ಸ್ವಲ್ಪ ಗಟ್ಟಿಯಾಗಿ ಬಂತು. ನನ್ನ ಎದೆ ಸರಳಿನ ಕಡೆಗೆ ಹೋಯಿತು, ತಾಗಲಿಲ್ಲ. ನಡುವೆ ಒಂದು ಕಡೆ ದೋಣಿ ತಡವರಿಸಿತು. ಮತ್ತೆ ಮೆತ್ತಗೆ ಹಿಡಿಯಿತು. ತೂಗಾಟ ಇಳಿಯುತ್ತಾ ಬಂದು, ಹತ್ತಿಳಿಯುವ ಕಟ್ಟೆಯ ಅಂಚನ್ನು ಒಂದು ಗೇಣಿನಷ್ಟು ದಾಟಿ ದೋಣಿ ನಿಂತಿತು. ಹಿಂದೆ ಅವರು ನಿಲ್ಲಿಸುತ್ತಿದ್ದುದು ಅಂಚಿಗೆ ಸರಿಯಾಗಿ.

ಅದನ್ನು ಅವರೂ ನೋಡಿದರು. ಹಿಡಿ ಬಿಟ್ಟು ಕಟ್ಟೆಯ ಮೇಲೆ ಬಂದು, ಆ ಗೇಣನ್ನು ಕಾಲಿನ ಹೆಬ್ಬೆರಳಿನಿಂದ ಅಳೆದು ನಿಂತರು. ಸರಿ ಎಂದಾಗಲಿ ಇಲ್ಲ ಎಂದಾಗಲಿ ನಾನು ಹೇಳಬೇಕಾಗಿತ್ತು.

"ಹ್ಯಾಂಗಿತ್ತ್?" ಎಂದು ಅವರೇ ಕೇಳಿದರು.

"ಇವತ್ತ್ ಮಕ್ಕಳನ್ ಕೂರ್ಸುಕೆ ಆತಿಲ್ಲೆ ತಾಂಡೇಲ್ರೆ."

ಅವರು ತಲೆ ಆಡಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಗೇಣಿನ ಲೆಕ್ಕ ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ನಾಳೆ ಗೇಟ್ ತೆಗಿಯುದ್ರೊಳ್ಗೆ ಬತ್ತೆ" ಎಂದರು. "ನೀನ್ ಮತ್ತ್ ಕೂಕಂತ್ಯಾ?"

ಎರಡೂ ಕೈ ಮುಂದಿನ ಸರಳನ್ನು ಹಿಡಿದದ್ದು ಬಿಡುತ್ತಿರಲಿಲ್ಲ.

"ಕೂಕಂತೆ" ಎಂದೆ.

ಅವರು ಕೀಲಿಯನ್ನು ತೆಗೆದು ತಂದು ನನ್ನ ಪಕ್ಕದ ಸೀಟಿನ ಮೇಲಿಟ್ಟರು. ವಂಡ್ಸೆಯಕ್ಕ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸರಳನ್ನು ಮೇಲಕ್ಕೆ ಎತ್ತಿದರು.